ಮಾತ್ರೆಯ ಜೊತೆ ನಾಲ್ಕು ಮಾತೂ ಬೇಕು

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಈಶ್ವರಮಂಗಲದ ಸುತ್ತಮುತ್ತ ಎರಡು ಬಗೆಯ ಮದ್ದಿಗೆ ಬೇಡಿಕೆ ಏರುತ್ತದೆ. ಒಂದು ಅಡಿಕೆ ಮರಕ್ಕೆ, ಇನ್ನೊಂದು ಮನುಷ್ಯರಿಗೆ. ಮರದ ಗೊನೆಗೆ ಕೊಳೆರೋಗ, ಮನುಷ್ಯರಿಗೆ ತೊಡೆಸಂದು, ಸೊಂಟ, ಕಂಕುಳು, ಕಾಲ್ಬೆರಳ ಸಂದುಗಳಲ್ಲಿ ತುರಿಕೆ. ಕೆಲವರು ಇದನ್ನು ಹುಳುಕಡ್ಡಿ ಎನ್ನುತ್ತಾರೆ, ಕೆಲವರು ಗಜಕರ್ಣ ಎನ್ನುತ್ತಾರೆ, ಮೆಡಿಕಲ್‌ನವರು ಫಂಗಸ್ ಎನ್ನುತ್ತಾರೆ. ಒದ್ದೆ ಬಟ್ಟೆಯಲ್ಲೇ ತೋಟದಲ್ಲಿ ದಿನ ಕಳೆಯುವವರು, ಗಂಬೂಟು ಹಾಕಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವರು, ಸರಿಯಾಗಿ ಒಣಗದ ಯೂನಿಫಾರ್ಮ್ ತೊಟ್ಟು ಶಾಲೆಗೆ ಹೋಗುವ ಮಕ್ಕಳು, ಬೆಳಗಿನಿಂದ ಸಂಜೆಯವರೆಗೆ ನೀರಲ್ಲೇ ಕೈಯಾಡಿಸುವ ಹೆಂಗಸರು, ಯಾರನ್ನೂ ಇದು ಬಿಡುವುದಿಲ್ಲ.

ಅಡಿಕೆಯ ಮದ್ದಿನ ವಿಷಯದಲ್ಲಿ ನಮ್ಮ ಕೃಷಿಕರನ್ನು ಮೆಚ್ಚಲೇಬೇಕು. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಬೆರೆಸಿ, ಲಿಟ್ಮಸ್ ಕಾಗದ ಅದ್ದಿ ನೋಡುತ್ತಾರೆ. ಕಾಗದ ಇಲ್ಲದಿದ್ದರೆ ಕತ್ತಿಯ ಅಲಗು ಮುಳುಗಿಸಿ ತಾಮ್ರದ ಬಣ್ಣ ಹಿಡಿಯಿತೋ ಎಂದು ಪರೀಕ್ಷಿಸುತ್ತಾರೆ. ಹಿಡಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸುತ್ತಾರೆ. ಹದ ತಪ್ಪಿದರೆ ರೋಗ ನಿಲ್ಲಿಸಬೇಕಾದ ಮದ್ದೇ ಎಳೆಕಾಯಿಯನ್ನು ಸುಡುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಮನೆಗೆ ತುರಿಕೆಯ ಮಾತ್ರೆ ಬರುವ ಬಗೆ ಬೇರೆ. "ಅಣ್ಣ, ಮುಲಾಮಿಗೆ ಬಗ್ಗುವುದಿಲ್ಲ ಮಾರಾಯ್ರೆ, ಒಂದು ಒಳ್ಳೆ ಮಾತ್ರೆ ಕೊಡಿ" ಎಂದರೆ ಮುಗಿಯಿತು. ಪಟ್ಟಿಯಿಂದ ಏಳೋ ಹತ್ತೋ ಕತ್ತರಿಸಿ ಲಕೋಟೆಗೆ ಹಾಕಿ, ಮೇಲೆ 1-0-1 ಎಂದು ಬರೆದು ಕೊಡುತ್ತಾರೆ. ಕತ್ತರಿಸಿದ ತುಂಡಿನಲ್ಲಿ ಎಷ್ಟೋ ಸಲ ಮಾತ್ರೆಯ ಹೆಸರೂ ಪೂರ್ತಿ ಇರುವುದಿಲ್ಲ. ಎಷ್ಟು ವಾರ ತಿನ್ನಬೇಕು, ಯಾವುದರ ಜೊತೆ ತಿನ್ನಬಾರದು, ಏನು ಕಂಡರೆ ನಿಲ್ಲಿಸಬೇಕು ಎಂಬುದು ಆ ಲಕೋಟೆಯ ಮೇಲೂ ಇಲ್ಲ, ಕೊಟ್ಟವರ ಬಾಯಲ್ಲೂ ಇಲ್ಲ.

ನಮ್ಮ ವಾದ ಇಷ್ಟೇ. ಫಂಗಸ್‌ನ ಮಾತ್ರೆ ಕೆಟ್ಟದ್ದಲ್ಲ. ಸರಿಯಾಗಿ ತಿಂದರೆ ಹೆಚ್ಚಿನವರಿಗೆ ಅದು ಒಗ್ಗುತ್ತದೆ, ಕಾಯಿಲೆ ಗುಣವಾಗುತ್ತದೆ. ಆದರೆ ಅದರ ಅಡ್ಡಪರಿಣಾಮಗಳು ನಮ್ಮಂಥ ಊರಿನಲ್ಲಿ ಅಪಾಯಕ್ಕೆ ತಿರುಗುವುದು ಮಾತ್ರೆಯ ಜೊತೆ ಬರಬೇಕಾದ ನಾಲ್ಕು ಮಾತು ಬಾರದೆ ಹೋಗುವುದರಿಂದ. ಆ ಮಾತನ್ನು ಆಡಬೇಕಾದವರು ಯಾರು, ಆಡದೆ ಇರುವುದಕ್ಕೆ ಕಾರಣವೇನು, ಆಡುವಂತೆ ಮಾಡುವುದು ಹೇಗೆ ಎಂಬುದನ್ನು ಊರು ಮಾತಾಡಬೇಕು.

ವಾರದ ಮಾತ್ರೆ ತಿಂಗಳುಗಟ್ಟಲೆ ಆದದ್ದು ಹೇಗೆ?

ಹಿಂದೆ ಹುಳುಕಡ್ಡಿ ಅಂದರೆ ದೊಡ್ಡ ವಿಷಯ ಆಗಿರಲಿಲ್ಲ. ಎರಡು ಮೂರು ವಾರ ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಇಡೀ ದೇಶದಲ್ಲಿ ಈ ಚಿತ್ರ ಬದಲಾಗಿದೆ ಎಂದು ಚರ್ಮರೋಗ ತಜ್ಞರು ಹೇಳುತ್ತಲೇ ಬಂದಿದ್ದಾರೆ. ಮೈತುಂಬ ಹರಡುವ, ಗುಣವಾದಂತೆ ಕಂಡು ಮತ್ತೆ ಬರುವ, ಮನೆಮಂದಿಗೆಲ್ಲ ಅಂಟುವ ಹುಳುಕಡ್ಡಿ ಈಗ ಸಾಮಾನ್ಯ. ಇದರ ಹಿಂದಿರುವ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ. ಟರ್ಬಿನಾಫಿನ್ ಎಂಬ ಮಾತ್ರೆಗೆ ಇದು ಅನೇಕ ಸಲ ಜಗ್ಗುವುದಿಲ್ಲ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲೂ ಇದು ಪತ್ತೆಯಾದಾಗ ಅಲ್ಲಿನ ಆರೋಗ್ಯ ಇಲಾಖೆಯವರು ಎಚ್ಚರಿಕೆಯ ವರದಿ ಪ್ರಕಟಿಸಿದರು.

ಶಿಲೀಂಧ್ರ ಹೀಗೆ ಮೊಂಡಾಗಲು ಮುಖ್ಯ ಕಾರಣಗಳಲ್ಲಿ ಒಂದೆಂದು ತಜ್ಞರು ಬೊಟ್ಟು ಮಾಡುವುದು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮಿಶ್ರಣದ ಮುಲಾಮುಗಳತ್ತ. ಒಂದೇ ಟ್ಯೂಬಿನಲ್ಲಿ ಫಂಗಸ್‌ನ ಮದ್ದು, ಬ್ಯಾಕ್ಟೀರಿಯಾದ ಮದ್ದು, ಜೊತೆಗೆ ಕ್ಲೊಬೆಟಸಾಲ್‌ನಂಥ ಗಟ್ಟಿ ಸ್ಟಿರಾಯ್ಡ್. ಸ್ಟಿರಾಯ್ಡ್ ಇರುವುದರಿಂದ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. "ಅಬ್ಬ, ಒಳ್ಳೆ ಮದ್ದು" ಎಂದುಕೊಳ್ಳುತ್ತೇವೆ. ಆದರೆ ಚರ್ಮದ ಪ್ರತಿರೋಧ ಮಲಗಿರುವಾಗ ಶಿಲೀಂಧ್ರ ಆರಾಮವಾಗಿ ಹರಡುತ್ತದೆ. ಮುಲಾಮು ಬಿಟ್ಟ ಕೂಡಲೇ ಮೊದಲಿಗಿಂತ ದೊಡ್ಡದಾಗಿ ಏಳುತ್ತದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಯ ಕೆಳಗೆ ತಂದು, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಕಾಗದದಲ್ಲಿ ಕಾನೂನು ಇದೆ. ನಮ್ಮ ಪೇಟೆಗಳಲ್ಲಿ ಆ ಟ್ಯೂಬಿಗೆ ಚೀಟಿ ಕೇಳುವ ಅಂಗಡಿ ಎಷ್ಟಿವೆ ಎಂದು ನೀವೇ ಒಮ್ಮೆ ನೋಡಿ.

ಮುಲಾಮಿನಿಂದ ಹಾಳಾದ ಮೇಲೆ ಉಳಿಯುವುದು ಮಾತ್ರೆ. ಅದೂ ಒಂದೆರಡು ವಾರಕ್ಕೆ ಮುಗಿಯುವುದಿಲ್ಲ. ಆರು ವಾರ, ಎಂಟು ವಾರ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು. ಮಾತ್ರೆ ತಿನ್ನುವ ದಿನಗಳು ಹೆಚ್ಚಾದಷ್ಟೂ ಅಡ್ಡಪರಿಣಾಮಕ್ಕೆ ಸಿಗುವ ಅವಕಾಶವೂ ಹೆಚ್ಚು. ಮುಲಾಮಿನ ಕತೆ ಹೇಳದೆ ಮಾತ್ರೆಯ ಕತೆ ಹೇಳಲಾಗದು ಎನ್ನುವುದು ಇದಕ್ಕೇ.

ನಾಲ್ಕು ಹೆಸರು, ನಾಲ್ಕು ಸ್ವಭಾವ

"ಫಂಗಸ್‌ನ ಮಾತ್ರೆ" ಎಂಬ ಒಂದೇ ಮಾತ್ರೆ ಇಲ್ಲ. ನಮ್ಮ ಕಡೆ ಹೆಚ್ಚಾಗಿ ಸಿಗುವವು ನಾಲ್ಕು.

ಗ್ರೈಸಿಯೊಫುಲ್ವಿನ್ ಎಲ್ಲಕ್ಕಿಂತ ಹಳೆಯದು. 1939ರಲ್ಲಿ ಒಂದು ಬಗೆಯ ಬೂಸ್ಟಿನಿಂದ ಬೇರ್ಪಡಿಸಿದ್ದು, 1958ರಿಂದ ಮನುಷ್ಯರ ಚರ್ಮರೋಗಕ್ಕೆ ಬಳಕೆಗೆ ಬಂತು. ತಲೆನೋವು, ಹೊಟ್ಟೆ ತೊಳಸುವುದು ಇದರಲ್ಲಿ ಸಾಮಾನ್ಯ. ಕೆಲವರ ಚರ್ಮ ಬಿಸಿಲಿಗೆ ಕೆಂಪಾಗುತ್ತದೆ, ಉರಿಯುತ್ತದೆ. ತೋಟದಲ್ಲಿ ದುಡಿಯುವವರಿಗೆ ಇದು ಗೊತ್ತಿರಬೇಕು. ಇದನ್ನು ತಿನ್ನುವಾಗ ಶರಾಬು ಕುಡಿದರೆ ಮುಖ ಕೆಂಪೇರಿ ಎದೆ ಬಡಿದುಕೊಳ್ಳಬಹುದು. ಗರ್ಭಿಣಿಯರು ತಿನ್ನಲೇಬಾರದು. ಮಾಲಾ-ಎನ್‌ನಂಥ ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೂ ಇದು ಕುಗ್ಗಿಸುತ್ತದೆ.

ಟರ್ಬಿನಾಫಿನ್ ತಿಂದ ಕೆಲವರಿಗೆ ನಾಲಗೆಯ ರುಚಿ ಹೋಗುತ್ತದೆ. ಸಾರು ಸಪ್ಪೆ, ಉಪ್ಪಿನಕಾಯಿಯೂ ಸಪ್ಪೆ. ಮಾತ್ರೆ ಬಿಟ್ಟ ಮೇಲೆ ರುಚಿ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಹೊಟ್ಟೆನೋವು, ತಲೆನೋವು, ಮೈಮೇಲೆ ದದ್ದು ಬರುವುದೂ ಉಂಟು. ಲಿವರ್‌ಗೆ ಗಂಭೀರ ಪೆಟ್ಟು ಬೀಳುವುದು ತೀರಾ ಅಪರೂಪ. ಬಂದರೆ ಸಾಮಾನ್ಯವಾಗಿ ಮೊದಲ ಆರು ವಾರದೊಳಗೆ ಬರುತ್ತದೆ.

ಇಟ್ರಾಕೊನಜೋಲ್ ಈಗ ಹೆಚ್ಚು ಓಡುತ್ತಿರುವ ಕ್ಯಾಪ್ಸೂಲ್. ಲಿವರ್‌ನ ತೊಂದರೆಯ ಜೊತೆಗೆ ಇದಕ್ಕೆ ಇನ್ನೊಂದು ಸ್ವಭಾವ ಇದೆ, ಇದು ಹೃದಯದ ಬಲ ಕುಗ್ಗಿಸಬಲ್ಲದು. 2001ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೃದಯ ವೈಫಲ್ಯ ಇರುವವರಿಗೆ ಉಗುರಿನ ಫಂಗಸ್‌ಗೆಂದು ಇದನ್ನು ಕೊಡಬಾರದು ಎಂದು ಎಚ್ಚರಿಸಿತ್ತು. ಪಾದ ಊದುವುದು, ಏರು ಹತ್ತುವಾಗ ಉಸಿರು ಕಟ್ಟುವುದು, ರಾತ್ರಿ ಚಪ್ಪಟೆ ಮಲಗಲಾಗದೆ ಎದ್ದು ಕೂರುವುದು ಇದರ ಲಕ್ಷಣ. ನಮ್ಮಲ್ಲಿ ಕಾಲು ಊದಿದರೆ "ನಿಂತು ನಿಂತು ಆದದ್ದು" ಎನ್ನುತ್ತಾರೆ. ಮನೆಯಿಂದ ರಸ್ತೆಗೆ ಗುಡ್ಡ ಹತ್ತಬೇಕಾದ ಊರಿನಲ್ಲಿ ಏದುಸಿರನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಫ್ಲುಕೊನಜೋಲ್ "ವಾರಕ್ಕೊಂದು ಮಾತ್ರೆ" ಎಂದೇ ಪ್ರಸಿದ್ಧ. ವಾರಕ್ಕೊಂದು ಎಂದರೆ ಹಗುರ ಎಂಬ ಭಾವನೆ. ಕೆಲವರಿಗೆ ಇದು ತುಟಿ, ಕೈ ಅಥವಾ ಗುಪ್ತಾಂಗದಲ್ಲಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಪ್ಪು ಕಲೆ, ಗುಳ್ಳೆ ಎಬ್ಬಿಸುತ್ತದೆ. ಪ್ರತಿ ಸಲ ಮಾತ್ರೆ ತಿಂದಾಗ ಅದೇ ಜಾಗದಲ್ಲಿ ಕಲೆ ಎದ್ದರೆ ಅದನ್ನು ಹುಳುಕಡ್ಡಿಯೆಂದು ತಿಳಿದು ಇನ್ನೊಂದು ಮಾತ್ರೆ ನುಂಗಬಾರದು. ಇದರ ದೊಡ್ಡ ಅಪಾಯ ಬೇರೆ ಮಾತ್ರೆಗಳ ಜೊತೆ ಸೇರಿದಾಗ. ಅದನ್ನು ಮುಂದೆ ಹೇಳುತ್ತೇವೆ.

ಐದನೆಯದು ಒಂದಿತ್ತು, ಕೀಟೊಕೊನಜೋಲ್. ಅದರ ಶಾಂಪೂ, ಮುಲಾಮು ಈಗಲೂ ಇವೆ, ಅವುಗಳ ಬಗ್ಗೆ ತಕರಾರಿಲ್ಲ. ಆದರೆ ನುಂಗುವ ಮಾತ್ರೆ ಲಿವರ್‌ಗೆ ಮಾಡುವ ಹಾನಿ ನೋಡಿ 2013ರ ಜುಲೈಯಲ್ಲಿ ಯುರೋಪಿನ ಔಷಧ ಸಂಸ್ಥೆ ಅದನ್ನು ನಿಲ್ಲಿಸಲು ಶಿಫಾರಸು ಮಾಡಿತು. ಅಮೆರಿಕದವರು ಚರ್ಮ ಮತ್ತು ಉಗುರಿನ ಫಂಗಸ್‌ಗೆ ಬಳಸಬೇಡಿ ಎಂದರು. ಮೂವತ್ತು ವರ್ಷ ಬಳಕೆಯಲ್ಲಿದ್ದ ಮಾತ್ರೆಯ ಬಗ್ಗೆಯೂ ಮರುಯೋಚನೆ ಸಾಧ್ಯವಾದದ್ದು ಅಡ್ಡಪರಿಣಾಮವನ್ನು ಯಾರೋ ಬರೆದು ಕಳಿಸಿದ್ದರಿಂದ, ಯಾರೋ ಅದನ್ನು ಎಣಿಸಿದ್ದರಿಂದ.

ಕೃಷಿಕರಿಗೆ ಇಲ್ಲೊಂದು ವಿಷಯ ಹೇಳಬೇಕು. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಸಿಂಪಡಿಸುವ ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್ ಎಂಬ ಹೆಸರುಗಳನ್ನು ನೀವು ಕೇಳಿದ್ದೀರಿ. ಕೊನೆಯ ಅಕ್ಷರಗಳನ್ನು ಗಮನಿಸಿ. ಇಟ್ರಾಕೊನಜೋಲ್, ಫ್ಲುಕೊನಜೋಲ್ ಕೂಡ ಅದೇ ಕುಟುಂಬದವು. ಒಂದು ಎಲೆಗೆ, ಒಂದು ಹೊಟ್ಟೆಗೆ. ಎರಡೂ ಶಿಲೀಂಧ್ರದ ಕೋಶದ ಪೊರೆಗೆ ಬೇಕಾದ ಕೊಬ್ಬಿನಂಥ ವಸ್ತು ತಯಾರಾಗದಂತೆ ತಡೆಯುತ್ತವೆ. ಎಲೆಗೆ ಬಿಡುವಾಗ ಲೀಟರಿಗೆ ಎಷ್ಟು ಮಿಲಿ ಎಂದು ಎರಡೆರಡು ಸಲ ಕೇಳುವ ಮದ್ದಿನ ತಮ್ಮನನ್ನೇ ನಾವು ನುಂಗುತ್ತಿರುವುದು.

ಡಬ್ಬಿಯಲ್ಲಿರುವ ಉಳಿದ ಮಾತ್ರೆಗಳು

ನಮ್ಮ ಮಟ್ಟಿಗೆ ಅತಿ ಮುಖ್ಯ ಭಾಗ ಇದೇ. ಮಾತ್ರೆಯೊಂದು ಒಂಟಿಯಾಗಿ ಹೊಟ್ಟೆಗೆ ಹೋಗುವುದಿಲ್ಲ. ಐವತ್ತು ದಾಟಿದವರ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಅದರಲ್ಲಿ ಶುಗರಿನದ್ದು, ಬಿಪಿಯದ್ದು, ಕೊಲೆಸ್ಟರಾಲಿನದ್ದು, ಗ್ಯಾಸಿನದ್ದು. ಅದರ ಮೇಲೆ ಫಂಗಸ್‌ನ ಮಾತ್ರೆ ಬಂದು ಕೂರುತ್ತದೆ.

ಒಬ್ಬ ಅರವತ್ತರ ಅಡಿಕೆ ಕೃಷಿಕರನ್ನು ಊಹಿಸಿಕೊಳ್ಳಿ. ಶುಗರಿಗೆ ಗ್ಲಿಮೆಪಿರೈಡ್ ತಿನ್ನುತ್ತಿದ್ದಾರೆ. ತೊಡೆಸಂದಿನ ತುರಿಕೆಗೆಂದು ಫ್ಲುಕೊನಜೋಲ್ ಶುರು ಮಾಡುತ್ತಾರೆ. ಲಿವರ್ ಗ್ಲಿಮೆಪಿರೈಡನ್ನು ಕರಗಿಸಿ ಹೊರಹಾಕುವ ದಾರಿಯನ್ನೇ ಫ್ಲುಕೊನಜೋಲ್ ಅಡ್ಡಗಟ್ಟುತ್ತದೆ. ಆಗ ಒಂದು ಮಾತ್ರೆ ಒಂದೂವರೆ ಎರಡರಂತೆ ಕೆಲಸ ಮಾಡಬಹುದು. ಶುಗರ್ ಇಳಿಯುತ್ತದೆ. ಬೆವರು, ಕೈ ನಡುಕ, ಕಣ್ಣು ಕತ್ತಲೆ. ಮನೆಯಲ್ಲಿ ಕೂತಿದ್ದಾಗ ಆದರೆ ಒಂದು ಲೋಟ ಸಕ್ಕರೆ ನೀರಿನಲ್ಲಿ ಸುಧಾರಿಸಬಹುದು. ಏಣಿ ಹತ್ತಿದಾಗ, ಕೆರೆಯ ಬದಿಯಲ್ಲಿದ್ದಾಗ, ಬೈಕಿನಲ್ಲಿ ಹೋಗುವಾಗ ಆದರೆ? ಬಿದ್ದವರನ್ನು ನೋಡಿ ನಾವು "ಬಿಪಿ ಹೆಚ್ಚಾಯಿತೋ ಏನೋ" ಎನ್ನುತ್ತೇವೆ. ತುರಿಕೆಯ ಮಾತ್ರೆ ಯಾರ ನೆನಪಿಗೂ ಬರುವುದಿಲ್ಲ.

ಇಟ್ರಾಕೊನಜೋಲ್ ಇನ್ನೊಂದು ದಾರಿಯನ್ನು ಅಡ್ಡಗಟ್ಟುತ್ತದೆ. ಕೊಲೆಸ್ಟರಾಲಿನ ಸಿಮ್ವಾಸ್ಟಾಟಿನ್ ಜೊತೆ ಅದನ್ನು ಕೊಡಲೇಬಾರದು. ನಮ್ಮಲ್ಲಿ ಹೆಚ್ಚಾಗಿ ಬಳಸುವ ಅಟೊರ್ವಾಸ್ಟಾಟಿನ್ ಜೊತೆಗೂ ಎಚ್ಚರ ಬೇಕು. ರಕ್ತದಲ್ಲಿ ಸ್ಟಾಟಿನ್ ಏರಿದರೆ ಸ್ನಾಯುಗಳು ಹಾಳಾಗಬಹುದು. ಮೈಕೈ ನೋವು, ನಿಶ್ಶಕ್ತಿ, ಕಪ್ಪು ಮೂತ್ರ ಅದರ ಗುರುತು. ಆದರೆ ದಿನವಿಡೀ ಕೆಲಸ ಮಾಡುವವರಿಗೆ ಮೈಕೈ ನೋವು ಇದ್ದದ್ದೇ, ಯಾರು ಕೇಳುತ್ತಾರೆ? ಬಿಪಿಗೆ ಅಮ್ಲೊಡಿಪಿನ್ ತಿನ್ನುವವರಲ್ಲಿ ಪಾದದ ಊತ ಹೆಚ್ಚಬಹುದು. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರ ರಕ್ತ ತೆಳುವಾಗಿಸುವ ವಾರ್ಫರಿನ್ ತಿನ್ನುವವರಿಗೆ ಫ್ಲುಕೊನಜೋಲ್ ಕೊಟ್ಟರೆ ರಕ್ತಸ್ರಾವದ ಅಪಾಯ. ಟರ್ಬಿನಾಫಿನ್ ಕೂಡ ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ, ಕೆಲವು ಖಿನ್ನತೆಯ ಮಾತ್ರೆಗಳ ಮಟ್ಟವನ್ನು ಏರಿಸುತ್ತದೆ.

ಇನ್ನು ಗ್ಯಾಸಿನ ಮಾತ್ರೆ. ಯಾವ ಮಾತ್ರೆ ಬರೆದರೂ ಜೊತೆಗೊಂದು ಪ್ಯಾಂಟೊಪ್ರಜೋಲ್ ಇರಲಿ ಎಂಬುದು ನಮ್ಮಲ್ಲಿ ರೂಢಿ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಬೇಕಾದರೆ ಹೊಟ್ಟೆಯಲ್ಲಿ ಹುಳಿ ಬೇಕು. ಅದಕ್ಕೇ ಅದನ್ನು ಊಟ ಆದ ಕೂಡಲೇ ತಿನ್ನಬೇಕು. ಗ್ಯಾಸಿನ ಮಾತ್ರೆ ಹುಳಿಯನ್ನೇ ಅಡಗಿಸಿದರೆ ಕ್ಯಾಪ್ಸೂಲ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಹಣ ಹೋಯಿತು, ಫಂಗಸ್ ಉಳಿಯಿತು, "ಇನ್ನೂ ಒಂದು ತಿಂಗಳು ತಿನ್ನಿ" ಎಂಬ ಮಾತು ಬಂತು. ಅಡ್ಡಪರಿಣಾಮದ ದಿನಗಳು ಮತ್ತೆ ಮುಂದುವರಿದವು.

ಹೆಂಗಸರ ವಿಷಯ ಬೇರೆಯೇ ಹೇಳಬೇಕು. ತೊಡೆಸಂದಿನ, ಎದೆಯ ಕೆಳಗಿನ ತುರಿಕೆಯನ್ನು ಗಂಡು ಡಾಕ್ಟರಿಗೆ ತೋರಿಸಲು ನಾಚಿಕೆ. ಗಂಡನಿಗೋ ಮಗನಿಗೋ ಹೇಳಿ ತರಿಸುತ್ತಾರೆ. ಅಂಗಡಿಯಲ್ಲಿ ನಿಂತ ಗಂಡಸನ್ನು "ತಿನ್ನುವವರು ಯಾರು, ಬಸುರಿಯೋ, ಮಗುವಿಗೆ ಹಾಲು ಕೊಡುತ್ತಿದ್ದಾರೋ" ಎಂದು ಯಾರು ಕೇಳಬೇಕು? ಗ್ರೈಸಿಯೊಫುಲ್ವಿನ್ ಬಸುರಿಯರಿಗೆ ನಿಷಿದ್ಧ, ಇಟ್ರಾಕೊನಜೋಲ್ ಮತ್ತು ದೀರ್ಘಕಾಲದ ಫ್ಲುಕೊನಜೋಲ್ ಕೂಡ ದೂರ ಇಡಬೇಕಾದವು. ತಿಂಗಳು ತಪ್ಪಿದ್ದು ತನಗೇ ಖಾತ್ರಿಯಾಗುವ ಮೊದಲು ಎರಡು ವಾರದ ಮಾತ್ರೆ ಮುಗಿದಿರುವ ಸಾಧ್ಯತೆ ಇದೆ.

ಕಾಮಾಲೆ ಎಂದುಕೊಂಡರೆ

ಇನ್ನೊಂದು ಅಪಾಯ ನಮ್ಮ ನೆಲದ್ದೇ. ಮಾತ್ರೆಯಿಂದ ಲಿವರ್‌ಗೆ ಪೆಟ್ಟು ಬಿದ್ದರೆ ಊಟ ಸೇರುವುದಿಲ್ಲ, ವಾಕರಿಕೆ, ಸುಸ್ತು, ಬಲಪಕ್ಕೆಯ ಕೆಳಗೆ ನೋವು, ಮೂತ್ರ ಕಡು ಹಳದಿ, ಆಮೇಲೆ ಕಣ್ಣು ಹಳದಿ. ಇದನ್ನು ಕಂಡ ಕೂಡಲೇ ನಮ್ಮ ಹಳ್ಳಿಯಲ್ಲಿ ಬರುವ ಮಾತು "ಕಾಮಾಲೆ". ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವವರು ಎಲ್ಲಿದ್ದಾರೆಂದು ಎಲ್ಲರಿಗೂ ಗೊತ್ತು. ಉಪ್ಪು ಖಾರ ಬಿಟ್ಟು ಪಥ್ಯ ಮಾಡುತ್ತಾರೆ. ನಾಟಿಮದ್ದಿನವರನ್ನು ನಾವಿಲ್ಲಿ ದೂರುತ್ತಿಲ್ಲ. ಆದರೆ ಪಥ್ಯ ಮಾಡುತ್ತಲೇ ತುರಿಕೆಯ ಮಾತ್ರೆಯನ್ನೂ ಮುಂದುವರಿಸಿದರೆ, ಪೆಟ್ಟು ಕೊಡುತ್ತಿರುವ ಕೈಯನ್ನು ತಡೆಯದೆ ಗಾಯಕ್ಕೆ ಎಣ್ಣೆ ಹಚ್ಚಿದಂತಾಗುತ್ತದೆ. ಮಾತ್ರೆಯಿಂದ ಆದ ತೊಂದರೆಗೆ ಮೊದಲ ಚಿಕಿತ್ಸೆ ಮಾತ್ರೆ ನಿಲ್ಲಿಸುವುದು, ಎರಡನೆಯದು ಅದೇ ದಿನ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸುವುದು. ಕಣ್ಣು ಹಳದಿಯಾದವರನ್ನು ನೋಡಲು ಬಂದ ನೆಂಟರು ಕೇಳಬೇಕಾದ ಮೊದಲ ಪ್ರಶ್ನೆ "ಈಚೆಗೆ ಯಾವ ಮಾತ್ರೆ ತಿಂದಿರಿ?" ಎಂಬುದಾಗಲಿ.

ಹಾಗೆಂದು ಹೆದರಿ ಮಾತ್ರೆಯನ್ನು ಅರ್ಧಕ್ಕೆ ಎಸೆಯುವುದೂ ತಪ್ಪು. ತುರಿಕೆ ನಿಂತಿತೆಂದು ಹತ್ತನೆಯ ದಿನಕ್ಕೆ ಬಿಟ್ಟರೆ ಅಳಿದುಳಿದ ಶಿಲೀಂಧ್ರ ಮತ್ತೆ ಚಿಗುರುತ್ತದೆ. ಮುಂದಿನ ಸಲ ಇನ್ನೂ ಉದ್ದದ ಚಿಕಿತ್ಸೆ. ಹೊಟ್ಟೆ ತೊಳಸುವುದು, ಸಣ್ಣ ತಲೆನೋವು ಇದ್ದರೆ ಡಾಕ್ಟರಿಗೆ ಹೇಳಿ ಮುಂದುವರಿಸಬಹುದು. ಕಣ್ಣು-ಮೂತ್ರ ಹಳದಿ, ಉಸಿರುಕಟ್ಟು, ಪಾದದ ಊತ, ಬಾಯಿಯಲ್ಲಿ ಹುಣ್ಣಿನ ಜೊತೆ ಮೈಮೇಲೆ ಗುಳ್ಳೆ, ತಲೆಸುತ್ತಿ ಬೀಳುವುದು, ಇವು ಕಂಡರೆ ಕಾಯಬಾರದು. ಸಣ್ಣದು ಯಾವುದು, ದೊಡ್ಡದು ಯಾವುದು ಎಂದು ಬಿಡಿಸಿ ಹೇಳುವವರು ಇಲ್ಲದಿದ್ದರೆ ಜನ ಎರಡರಲ್ಲಿ ಒಂದು ಮಾಡುತ್ತಾರೆ, ಎಲ್ಲಕ್ಕೂ ಹೆದರುತ್ತಾರೆ ಅಥವಾ ಯಾವುದಕ್ಕೂ ಹೆದರುವುದಿಲ್ಲ.

ಗಡಿಯ ಊರಿನ ತೊಡಕು

ಈಶ್ವರಮಂಗಲದಿಂದ ಗಾಳಿಮುಖ ದಾಟಿದರೆ ಕೇರಳ. ನಮ್ಮ ಜನರಿಗೆ ಪುತ್ತೂರು, ಸುಳ್ಯ, ಕಾಸರಗೋಡು, ಮಂಗಳೂರು ಎಲ್ಲವೂ ಬಳಕೆಯ ಊರುಗಳು. ಶುಗರಿಗೆ ಒಂದು ಕಡೆ, ಹೃದಯಕ್ಕೆ ಇನ್ನೊಂದು ಕಡೆ, ಚರ್ಮಕ್ಕೆ ಮೂರನೆಯ ಕಡೆ ತೋರಿಸುತ್ತಾರೆ. ಮೂರೂ ಚೀಟಿಗಳು ಒಬ್ಬರ ಕಣ್ಣಿಗೆ ಒಟ್ಟಿಗೆ ಬೀಳುವುದಿಲ್ಲ. ಮನೆಮಾತು ತುಳುವೋ ಬ್ಯಾರಿಯೋ ಮಲಯಾಳವೋ ಕನ್ನಡವೋ ಇರಬಹುದು, ಚೀಟಿಯ ಭಾಷೆ ಮಾತ್ರ ಇಂಗ್ಲಿಷ್, ಅದೂ ಓದಲಾಗದ ಅಕ್ಷರ. ಮಾತ್ರೆಯ ಪಟ್ಟಿಯ ಹಿಂದೆ ಎಚ್ಚರಿಕೆ ಇದೆ. ಸೊಳ್ಳೆಯ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಇದೆ.

ಗಡಿಯಾಚೆ ನಡೆದದ್ದನ್ನೂ ನೋಡೋಣ. 2024ರ ಜನವರಿಯಲ್ಲಿ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಅಮೃತ್' ಎಂಬ ಹೆಸರಿನಲ್ಲಿ ಅಂಗಡಿಗಳ ಮೇಲೆ ಕಣ್ಣಿಟ್ಟು, ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಹೊರಟಿತು. ಅದು ಆಂಟಿಬಯೋಟಿಕ್‌ಗೆ. ಅಂಥದ್ದೇ ಬಿಗಿ ಫಂಗಸ್‌ನ ಮಾತ್ರೆಗೂ ಸ್ಟಿರಾಯ್ಡ್ ಮುಲಾಮಿಗೂ ಬೇಕು, ಅದು ಗಡಿಯ ಎರಡೂ ಕಡೆ ಒಟ್ಟಿಗೆ ಬೇಕು. ಒಂದು ಕಡೆ ಬಿಗಿ ಮಾಡಿದರೆ ಜನ ಬೈಕ್ ಹತ್ತಿ ಇನ್ನೊಂದು ಕಡೆಗೆ ಹೋಗುತ್ತಾರೆ. ಶಿಲೀಂಧ್ರಕ್ಕಂತೂ ಚೆಕ್‌ಪೋಸ್ಟ್ ಗೊತ್ತಿಲ್ಲ.

ಯಾರು ಏನು ಮಾಡಬೇಕು?

ಮೆಡಿಕಲ್ ಅಂಗಡಿಯವರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ. ಅದು ನ್ಯಾಯವಲ್ಲ. ಹಳ್ಳಿಯಲ್ಲಿ ರಾತ್ರಿ ಎಂಟಕ್ಕೆ ಮಗುವಿಗೆ ಜ್ವರ ಬಂದರೆ ಬಾಗಿಲು ತೆರೆದಿರುವುದು ಅವರದ್ದೇ. ಚರ್ಮದ ಡಾಕ್ಟರಿಗೆ ತೋರಿಸಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು, ಡಾಕ್ಟರ ಫೀಸು, ರಕ್ತ ಪರೀಕ್ಷೆ. "ತುರಿಕೆಗೆ ಇಷ್ಟೆಲ್ಲ ಯಾಕೆ" ಎಂಬ ಕೂಲಿಕಾರರ ಪ್ರಶ್ನೆಗೆ ತೂಕ ಇದೆ. ಚೀಟಿ ತನ್ನಿ ಎಂದು ಗದರುವ ಮೊದಲು ಚೀಟಿ ಹತ್ತಿರದಲ್ಲಿ ಸಿಗುವಂತೆ ಮಾಡಬೇಕು.

ಅದಕ್ಕೆ ದಾರಿ ಇಲ್ಲದಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಚರ್ಮರೋಗ ತಜ್ಞರು ಗ್ರಾಮಾಂತರದ ಆರೋಗ್ಯ ಕೇಂದ್ರಗಳಿಗೆ ಬರುವ ವ್ಯವಸ್ಥೆ ಮಾಡಬೇಕು. ಸ್ಟಿರಾಯ್ಡ್ ಇಲ್ಲದ ಸಾದಾ ಫಂಗಸ್ ಮುಲಾಮು ಅಲ್ಲಿ ಸದಾ ಇರಬೇಕು. ಮೊದಲ ವಾರದಲ್ಲೇ ಅದು ಸಿಕ್ಕರೆ ಎಷ್ಟೋ ಜನರಿಗೆ ಮಾತ್ರೆಯೇ ಬೇಕಾಗದು. ಚಿಕಿತ್ಸೆ ತಿಂಗಳು ದಾಟುವವರಿಗೆ, ಲಿವರ್ ತೊಂದರೆ ಇರುವವರಿಗೆ, ಕುಡಿತದ ಅಭ್ಯಾಸ ಇರುವವರಿಗೆ ಲಿವರ್ ಪರೀಕ್ಷೆಯ ರಕ್ತವನ್ನು ಅಲ್ಲೇ ತೆಗೆದು ತಾಲೂಕು ಆಸ್ಪತ್ರೆಗೆ ಕಳಿಸುವಂತಾಗಬೇಕು. ಇದನ್ನು ಕೇಳಲು ಜಾಗ ಇದೆ. ಆರೋಗ್ಯ ಕೇಂದ್ರಕ್ಕೊಂದು ಆರೋಗ್ಯ ರಕ್ಷಾ ಸಮಿತಿ ಇದೆ, ಪಂಚಾಯತಿಗೆ ಗ್ರಾಮಸಭೆ ಇದೆ. ರಸ್ತೆ, ದಾರಿದೀಪದ ಅರ್ಜಿಗಳ ನಡುವೆ ಈ ಒಂದು ಅರ್ಜಿಯೂ ಇರಲಿ.

ಡಾಕ್ಟರುಗಳಲ್ಲಿ ನಮ್ಮ ಕೋರಿಕೆ, ಚೀಟಿ ಬರೆಯುವ ಮೊದಲು "ಡಬ್ಬಿ ತಂದಿದ್ದೀರಾ?" ಎಂದು ಕೇಳಿ. ಅರ್ಧ ನಿಮಿಷದ ಪ್ರಶ್ನೆ. ಅಂಗಡಿಯವರಲ್ಲಿ ಕೋರಿಕೆ, ಮಾತ್ರೆ ಕತ್ತರಿಸುವಾಗ ಹೆಸರು ಇರುವ ತುಂಡನ್ನೇ ಕೊಡಿ, ಇಲ್ಲವೇ ಲಕೋಟೆಯ ಮೇಲೆ ಹೆಸರು ಬರೆಯಿರಿ. ಹೆಸರೇ ಗೊತ್ತಿಲ್ಲದಿದ್ದರೆ ತೊಂದರೆಯಾದಾಗ ಆಸ್ಪತ್ರೆಯವರು ಏನೆಂದು ಹುಡುಕಬೇಕು?

ಶೀರ್ಷಿಕೆಯಲ್ಲಿ ಹೇಳಿದ ನಾಲ್ಕು ಮಾತು ಇವು. ಮಾತ್ರೆಯ ಹೆಸರೇನು, ಎಷ್ಟು ದಿನ, ಊಟಕ್ಕೆ ಮೊದಲೋ ನಂತರವೋ ಎಂಬುದು ಒಂದು. ಬೇರೆ ಯಾವ ಮಾತ್ರೆ ತಿನ್ನುತ್ತಿದ್ದೀರಿ ಎಂಬುದು ಎರಡು. ಲಿವರ್, ಹೃದಯದ ತೊಂದರೆ, ಕುಡಿತ, ಬಸಿರು ಇದೆಯೇ ಎಂಬುದು ಮೂರು. ಏನು ಕಂಡರೆ ನಿಲ್ಲಿಸಿ ಓಡಿ ಬರಬೇಕು ಎಂಬುದು ನಾಲ್ಕು. ಕೊಡುವವರು ಹೇಳದಿದ್ದರೆ ತೆಗೆದುಕೊಳ್ಳುವವರು ಕೇಳಬೇಕು. ಕೇಳುವುದು ಅಧಿಕಪ್ರಸಂಗ ಅಲ್ಲ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ನಮಗೆ ಕೇಳುವ ಅಭ್ಯಾಸ ಹೊಸದೇನೂ ಅಲ್ಲ.

ಮನೆಯಲ್ಲೂ ಕೆಲಸ ಇದೆ. ಒಬ್ಬರ ಬೈರಾಸು ಇನ್ನೊಬ್ಬರು ಬಳಸದಿರುವುದು, ಒಳಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಮಳೆಗಾಲದಲ್ಲಿ ಒಲೆಯ ಬದಿಯಲ್ಲೋ ಇಸ್ತ್ರಿ ಹಾಕಿಯೋ ಒಣಗಿಸುವುದು, ಮನೆಯಲ್ಲಿ ತುರಿಕೆ ಇರುವ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಮಾಡಿಸುವುದು. ಅಣ್ಣನಿಗೆ ಬರೆದ ಮಾತ್ರೆಯನ್ನು ತಮ್ಮ ತಿನ್ನದಿರುವುದು. ಕಾಯಿಲೆ ಮರಳದಿದ್ದರೆ ಮಾತ್ರೆಯ ದಿನಗಳು ಕಡಿಮೆ, ಅಪಾಯವೂ ಕಡಿಮೆ.

ಕೊನೆಯದಾಗಿ, ಆದ ತೊಂದರೆಯನ್ನು ಬರೆಸುವ ವಿಷಯ. ಔಷಧಗಳ ಅಡ್ಡಪರಿಣಾಮ ದಾಖಲಿಸಲು 2010ರಿಂದ ದೇಶದಲ್ಲಿ ಒಂದು ಕಾರ್ಯಕ್ರಮ ಇದೆ. ಘಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡ

ೆಸುತ್ತದೆ. ಡಾಕ್ಟರೇ ಆಗಬೇಕೆಂದಿಲ್ಲ, ಮಾತ್ರೆ ತಿಂದವರೂ ತಿಳಿಸಬಹುದು. 1800-180-3024 ಎಂಬ ಉಚಿತ ಸಂಖ್ಯೆ ಇದೆ, ಬಳಕೆದಾರರಿಗೆಂದು ಕನ್ನಡದಲ್ಲೂ ಅರ್ಜಿ ನಮೂನೆ ಇದೆ. ನಮ್ಮ ಊರಿನಲ್ಲಿ ಒಬ್ಬರ ರುಚಿ ಹೋದದ್ದು, ಇನ್ನೊಬ್ಬರ ಕಣ್ಣು ಹಳದಿಯಾದದ್ದು ಜಗಲಿಯ ಮಾತಾಗಿ ಮುಗಿದರೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಲೆಕ್ಕಕ್ಕೆ ಸೇರದ ತೊಂದರೆಗೆ ಸರಕಾರದ ಮಟ್ಟದಲ್ಲಿ ಪರಿಹಾರವೂ ಇರುವುದಿಲ್ಲ. ಆ ಸಂಖ್ಯೆಯನ್ನು ಮಾತ್ರೆಯ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಡಬ್ಬಿಯನ್ನು ತೆರೆದು ತೋರಿಸಿ. ಮುಂದಿನ ಸಲ ಯಾವುದೇ ಡಾಕ್ಟರಲ್ಲಿಗೆ ಹೋದರೂ ಆ ಡಬ್ಬಿ ನಿಮ್ಮ ಚೀಲದಲ್ಲಿರಲಿ.